ಪದವಿ ಇಳಿದವರ ಮಾತು

ನಮ್ಮ ಊರುಗಳಲ್ಲಿ ಪಿಂಚಣಿದಾರರ ಕಟ್ಟೆಯೆಂದು ಒಂದಿರುತ್ತದೆ. ಅದಕ್ಕೆ ಹೆಸರಿನ ಹಲಗೆಯಿಲ್ಲ. ಆದರೂ ಊರಿಗೆಲ್ಲ ಗೊತ್ತು. ಸಂಜೆ ಐದರ ಮೇಲೆ ಉದ್ಯಾನದ ಕಲ್ಲುಬೆಂಚಿನ ಮೇಲೋ ದೇವಸ್ಥಾನದ ಜಗಲಿಯ ಮೇಲೋ ನಾಲ್ಕಾರು ಮಂದಿ ಹಿರಿಯರು ಕೂಡುತ್ತಾರೆ. ಒಬ್ಬರು ಕಂದಾಯ ಇಲಾಖೆಯಲ್ಲಿದ್ದವರು, ಇನ್ನೊಬ್ಬರು ಹೆಡ್‌ಮಾಸ್ತರಾಗಿದ್ದವರು, ಮತ್ತೊಬ್ಬರು ಪುರಸಭೆಯ ಮಾಜಿ ಅಧ್ಯಕ್ಷರು. ಅಂದಿನ ಪತ್ರಿಕೆಯ ಮಡಿಕೆ ಬಿಚ್ಚುತ್ತದೆ, ಅದರೊಡನೆ ಬಾಯಿಯೂ ಬಿಚ್ಚುತ್ತದೆ. ಕುರ್ಚಿಯಲ್ಲಿದ್ದಾಗ ಅಳೆದು ತೂಗಿ ಒಂದೊಂದೇ ಮಾತನ್ನು ಉದುರಿಸುತ್ತಿದ್ದ ಅಧ್ಯಕ್ಷರು ಈಗ ಧಾರಾಳವಾಗಿ ಮಾತನಾಡುತ್ತಾರೆ. ಕೇಳುವವರಿಗೆ ಸ್ವಾರಸ್ಯ, ಈಗ ಕುರ್ಚಿಯಲ್ಲಿರುವವರಿಗೆ ಮಾತ್ರ ಸ್ವಲ್ಪ ಕಸಿವಿಸಿ.

ಈ ಕಟ್ಟೆಯನ್ನೇ ಎತ್ತಿ ತಂದು ಬಾನುಲಿಯ ಮೈಕಿನ ಮುಂದೆ, ಆಮೇಲೆ ದೂರದರ್ಶನದ ಕ್ಯಾಮರಾದ ಮುಂದೆ ಇರಿಸಿದರೆ ಏನಾದೀತು? ಪದವಿಯಿಂದ ಇಳಿದ ರಾಜಕಾರಣಿ ಅಂದಂದಿನ ಪ್ರಶ್ನೆಗಳ ಮೇಲೆ ಲಕ್ಷಾಂತರ ಮನೆಗಳಿಗೆ ಕೇಳುವಂತೆ ಮಾತನಾಡಬಹುದೇ? ಇಂದು ಈ ಪ್ರಶ್ನೆ ನಿಮಗೆ ವಿಚಿತ್ರವಾಗಿ ಕಾಣಬಹುದು. ಆದರೆ ಪಾರ್ಲಿಮೆಂಟುಗಳ ತಾಯಿಯೆಂದು ಹೆಸರಾದ ಇಂಗ್ಲೆಂಡು ಈ ಪ್ರಶ್ನೆಯೊಡನೆ ಮೂವತ್ತೊಂದು ವರ್ಷಗಳ ಕಾಲ, ೧೯೨೬ರಿಂದ ೧೯೫೭ರವರೆಗೆ, ಹೆಣಗಾಡಿತು. ಆ ಕಥೆಯಲ್ಲಿ ಒಬ್ಬರೇ ವ್ಯಕ್ತಿ ಮೂರು ವೇಷಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಅವರು ವಿನ್‌ಸ್ಟನ್ ಚರ್ಚಿಲ್ಲರು.

ಮೊದಲ ವೇಷ ೧೯೨೬ರದು. ಆ ವರ್ಷದ ಮೇ ತಿಂಗಳಿನಲ್ಲಿ ಬ್ರಿಟನ್ನಿನ ಕಾರ್ಮಿಕರು ಸಾರ್ವತ್ರಿಕ ಮುಷ್ಕರ ಹೂಡಿದರು. ಅಚ್ಚುಕೂಟಗಳು ನಿಂತವು; ಪತ್ರಿಕೆಗಳು ಬಹುಮಟ್ಟಿಗೆ ಬರಲಿಲ್ಲ. ನಾಲ್ಕು ವರ್ಷದ ಕೂಸಾಗಿದ್ದ ಬಿ.ಬಿ.ಸಿ.ಯೇ ಜನರಿಗೆ ಸುದ್ದಿಯ ಆಸರೆಯಾಯಿತು. ಚರ್ಚಿಲ್ಲರು ಆಗ ಹಣಕಾಸಿನ ಮಂತ್ರಿಗಳು. ಬಿ.ಬಿ.ಸಿ.ಯನ್ನು ಸರ್ಕಾರ ಪೂರ್ತಿಯಾಗಿ ತನ್ನ ಕೈಗೆ ತೆಗೆದುಕೊಳ್ಳಬೇಕೆಂಬುದು ಅವರ ಹಟ. ಅದರ ಮುಖ್ಯಸ್ಥರಾಗಿದ್ದ ಜಾನ್ ರೀತ್ ಅವರು ಇದನ್ನು ಹೇಗೋ ತಪ್ಪಿಸಿಕೊಂಡರು. ಆದರೆ ತಪ್ಪಿಸಿಕೊಂಡದ್ದಕ್ಕೆ ಬೆಲೆ ಕೊಡಬೇಕಾಯಿತು. ಎರಡು ವರ್ಷಗಳ ಹಿಂದಷ್ಟೆ ಪ್ರಧಾನಿಯಾಗಿದ್ದ ರಾಮ್ಸೆ ಮ್ಯಾಕ್‌ಡೊನಾಲ್ಡರು ಬಾನುಲಿಯಲ್ಲಿ ಮಾತನಾಡಲು ಅವಕಾಶ ಕೇಳಿದಾಗ ಸರ್ಕಾರ ಒಪ್ಪಲಿಲ್ಲ. ರೀತ್ ಅವರಿಗೆ ಒಳಗೊಳಗೇ ಮನಸ್ಸಿದ್ದರೂ ಮೈಕು ಕೊಡಲಾಗಲಿಲ್ಲ. ಪ್ರಧಾನಿ ಬಾಲ್ಡ್‌ವಿನ್ನರು ಮಾತನಾಡಿದರು. ಮಾಜಿ ಪ್ರಧಾನಿಗಳು ಮೌನವಾಗಿ ಕೇಳಿದರು.

ಆ ಕಾಲದಲ್ಲಿ ವಾದವಿವಾದಕ್ಕೆ ಎಡೆಯಾಗುವ ವಿಷಯಗಳನ್ನು ಬಾನುಲಿಯಲ್ಲಿ ಎತ್ತಲೇಬಾರದೆಂಬ ನಿಯಮವಿತ್ತು. ಅದು ಸಡಿಲವಾದದ್ದು ೧೯೨೮ರ ಮಾರ್ಚಿಯಲ್ಲಿ. ಸಡಿಲವಾಯಿತೆಂದರೆ ಬಾಗಿಲು ಪೂರ್ತಿ ತೆರೆಯಿತೆಂದಲ್ಲ. ಯಾರು ಮಾತನಾಡಬೇಕೆಂಬುದನ್ನು ಪಕ್ಷಗಳ ಸಚೇತಕರು, ಎಂದರೆ ಸದಸ್ಯರನ್ನು ಸಾಲು ತಪ್ಪದಂತೆ ನಡೆಸುವ ‘ವಿಪ್’ಗಳು, ಗೊತ್ತುಮಾಡತೊಡಗಿದರು. ಪಕ್ಷದ ಮಾತನ್ನು ಪಕ್ಷದ ಧಾಟಿಯಲ್ಲಿ ಹೇಳುವವರಿಗೆ ಮೈಕು. ಸ್ವಂತ ಬುದ್ಧಿಯವರಿಗೆ ಹೊರಬಾಗಿಲು.

ಇಲ್ಲಿಗೆ ಚರ್ಚಿಲ್ಲರ ಎರಡನೆಯ ವೇಷ. ೧೯೨೯ರ ಚುನಾವಣೆಯಲ್ಲಿ ಅವರ ಪಕ್ಷ ಸೋತಿತು. ಅವರ ಮಂತ್ರಿಗಿರಿ ಹೋಯಿತು. ಹಿಂದೂದೇಶಕ್ಕೆ ಸ್ವಯಮಾಡಳಿತ ಕೊಡುವ ವಿಷಯದಲ್ಲಿ ತಮ್ಮ ಪಕ್ಷದ ನಾಯಕರೊಡನೆಯೇ ಅವರು ಮುನಿಸಿಕೊಂಡರು. ಬಾನುಲಿಯಲ್ಲಿ ರಾಜಕೀಯ ಮಾತನಾಡಲು ಅವಕಾಶವಾದರೆ ನೂರು ಪೌಂಡು ಕೊಡಲೂ ಸಿದ್ಧವೆಂದು ಅವರು ರೀತ್ ಅವರಿಗೆ ತಿಳಿಸಿದರು. ರೀತ್ ಅವರು ಒಪ್ಪಲಿಲ್ಲ. ಹಣಕ್ಕೆ ಹೊತ್ತು ಮಾರುವುದು ಅಮೆರಿಕದ ಪದ್ಧತಿ, ಬಿ.ಬಿ.ಸಿ.ಯದಲ್ಲ ಎಂಬುದು ಅವರ ನಿಲುವು. ಮೂರು ವರ್ಷದ ಹಿಂದೆ ಬಿ.ಬಿ.ಸಿ.ಯನ್ನೇ ವಶಪಡಿಸಿಕೊಳ್ಳಬೇಕೆಂದಿದ್ದವರು ಈಗ ಅದರ ಬಾಗಿಲಲ್ಲಿ ಹಣದ ಚೀಲ ಹಿಡಿದು ನಿಲ್ಲಬೇಕಾಯಿತು.

೧೯೩೩ರಲ್ಲಿ ಮೂವರು ಹಿರಿಯರು ಒಟ್ಟುಗೂಡಿ ಬಿ.ಬಿ.ಸಿ.ಗೆ ಪ್ರತಿಭಟನೆಯ ಪತ್ರ ಬರೆದರು. ಒಬ್ಬರು ಮಾಜಿ ಪ್ರಧಾನಿ ಲಾಯ್ಡ್ ಜಾರ್ಜರು, ಇನ್ನೊಬ್ಬರು ವಿದೇಶಾಂಗ ಮಂತ್ರಿಗಳಾಗಿದ್ದ ಆಸ್ಟಿನ್ ಚೇಂಬರ್ಲಿನ್ನರು, ಮೂರನೆಯವರು ಚರ್ಚಿಲ್ಲರು. ಮೂವರೂ ಪಾರ್ಲಿಮೆಂಟಿನ ಸದಸ್ಯರೇ. ಆದರೆ ಮಂತ್ರಿಗಿರಿ ಇಲ್ಲ, ಪಕ್ಷದ ಸಚೇತಕರ ಪಟ್ಟಿಯಲ್ಲಿ ಹೆಸರಿಲ್ಲ. ದೇಶದ ದೊಡ್ಡ ಪ್ರಶ್ನೆಗಳ ಮೇಲೆ ಪಕ್ಷಗಳು ಆರಿಸಿ ಕಳಿಸಿದವರ ಮಾತನ್ನು ಮಾತ್ರ ಜನ ಕೇಳಬೇಕೇ, ಅನುಭವಿಗಳ ಮಾತು ಬೇಡವೇ ಎಂಬುದು ಅವರ ದೂರು. ದೂರಿನಲ್ಲಿ ಸ್ವಾರ್ಥವಿರಲಿಲ್ಲವೆಂದಲ್ಲ, ಆದರೆ ನ್ಯಾಯವೂ ಇತ್ತು.

ಕೊನೆಗೆ ೧೯೩೫ರ ಜನವರಿಯಲ್ಲಿ, ಹಿಂದೂದೇಶದ ಆಡಳಿತ ಮಸೂದೆ ಪಾರ್ಲಿಮೆಂಟಿನ ಮುಂದೆ ಬಂದಾಗ, ಬಿ.ಬಿ.ಸಿ. ಆ ವಿಷಯವಾಗಿ ಒಂದು ಭಾಷಣಮಾಲೆ ಏರ್ಪಡಿಸಿತು; ಮಸೂದೆಯ ವಿರೋಧಿಗಳಾಗಿ ಚರ್ಚಿಲ್ಲರೂ ಮಾತನಾಡಿದರು. ನಮ್ಮ ದೇಶದ ಹಣೆಬರಹದ ಮಾತು. ಅವರು ಆಡಿದ್ದೆಲ್ಲ ನಮಗೆ ಪ್ರತಿಕೂಲವಾದದ್ದೇ. ಆದರೂ ವಾಚಕರೇ, ಅವರಿಗೆ ಮೈಕು ಸಿಕ್ಕದ್ದು ಒಳ್ಳೆಯದಾಯಿತೆಂದೇ ಹೇಳಬೇಕು. ಎದುರಾಳಿ ತನ್ನ ವಾದವನ್ನು ಬೆಳಕಿನಲ್ಲಿ ಆಡಿದಾಗಲೇ ಅದರ ಬಲಾಬಲ ತಿಳಿಯುವುದು. ಅವರ ವಾದವನ್ನು ಜನ ಕೇಳಿದರು, ಮಸೂದೆ ಅದೇ ವರ್ಷ ಕಾನೂನಾಯಿತು. ಅದೇ ೧೯೩೫ರ ಸೆಪ್ಟೆಂಬರಿನಲ್ಲಿ ಇತ್ತ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಚಿಕ್ಕ ಪ್ರಸಾರಯಂತ್ರವನ್ನಿಟ್ಟು ಬಾನುಲಿಯನ್ನು ಪ್ರಾರಂಭಿಸಿದರು. ಲಂಡನ್ನಿನಲ್ಲಿ ನಮ್ಮ ವಿಷಯವಾಗಿ ಮಾತು ನಡೆದ ವರ್ಷವೇ ನಮ್ಮ ಮಾತಿಗೂ ಒಂದು ಗಾಳಿಯ ದಾರಿ ತೆರೆಯಿತು.

ಪದವಿಯಿಂದ ಹೊರಡುವವನ ಮಾತಿಗೆ ಎಷ್ಟು ಬಲವಿರುತ್ತದೆಂಬುದಕ್ಕೆ ಈ ನಡುವೆ ಒಂದು ನಿದರ್ಶನ ದೊರೆತಿತ್ತು. ೧೯೩೧ರ ಅಕ್ಟೋಬರಿನಲ್ಲಿ ಫಿಲಿಪ್ ಸ್ನೋಡನ್ನರು ಹಣಕಾಸಿನ ಮಂತ್ರಿಗಳು. ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲವೆಂದು ತೀರ್ಮಾನಿಸಿದ್ದವರು. ಜೀವಮಾನವೆಲ್ಲ ಕಟ್ಟಿ ಬೆಳೆಸಿದ ಲೇಬರ್ ಪಕ್ಷದ ಕಾರ್ಯಕ್ರಮವನ್ನೇ ಅವರು ಬಾನುಲಿಯಲ್ಲಿ ಕಟುವಾಗಿ ಖಂಡಿಸಿದರು. ಹತ್ತು ದಿನ ಕಳೆದು ನಡೆದ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ ಉಳಿದದ್ದು ೫೨ ಸ್ಥಾನ ಮಾತ್ರ. ಆ ಸೋಲಿಗೆ ಬೇರೆ ಕಾರಣಗಳು ಎಷ್ಟೋ ಇದ್ದವು. ಒಂದು ಭಾಷಣದ ತಲೆಗೆ ಎಲ್ಲವನ್ನೂ ಕಟ್ಟಲಾಗದು. ಆದರೆ ಮನೆಯೊಳಗಿನಿಂದ ಬಂದವನು ಮನೆಯ ಗುಟ್ಟು ಹೇಳಿದರೆ ಜನ ಕಿವಿಗೊಡುತ್ತಾರೆಂಬುದು ಪಕ್ಷಗಳಿಗೆ ಚೆನ್ನಾಗಿ ಮನದಟ್ಟಾಯಿತು. ಅವುಗಳ ಭಯ ಹೆಚ್ಚಿತೇ ಹೊರತು ಕಡಮೆಯಾಗಲಿಲ್ಲ.

ಯುದ್ಧದ ಕಾಲದಲ್ಲಿ, ೧೯೪೪ರಲ್ಲಿ, ಈ ಭಯಕ್ಕೆ ಒಂದು ನಿಯಮದ ರೂಪ ಬಂದಿತು. ಪಾರ್ಲಿಮೆಂಟಿನಲ್ಲಿ ಮುಂದಿನ ಹದಿನಾಲ್ಕು ದಿನಗಳೊಳಗೆ ಚರ್ಚೆಗೆ ಬರಲಿರುವ ಯಾವ ವಿಷಯವನ್ನೂ ಬಾನುಲಿಯಲ್ಲಿ ಚರ್ಚಿಸಕೂಡದು. ‘ಹದಿನಾಲ್ಕು ದಿನದ ನಿಯಮ’ವೆಂದು ಇದು ಹೆಸರಾಯಿತು. ಕಾನೂನಿನ ಬಲವಂತದಿಂದಲ್ಲ, ಬಿ.ಬಿ.ಸಿ. ತಾನಾಗಿಯೇ ಒಪ್ಪಿ ನಡೆದ ಕಟ್ಟು ಅದು. ಯುದ್ಧ ಮುಗಿಯಿತು, ಕಟ್ಟು ಮಾತ್ರ ಬಿಚ್ಚಲಿಲ್ಲ.

ಇಂಥ ವಾತಾವರಣದಲ್ಲಿ ೧೯೫೦ರ ಮೇ ೨೬ರಂದು ಬಿ.ಬಿ.ಸಿ. ದೂರದರ್ಶನದಲ್ಲಿ ‘ಇನ್ ದಿ ನ್ಯೂಸ್’ ಎಂಬ ಕಾರ್ಯಕ್ರಮ ಮೊದಲಾಯಿತು. ಆಗ ಆ ದೇಶದಲ್ಲಿ ದೂರದರ್ಶನದ ಲೈಸೆನ್ಸುಗಳು ಸುಮಾರು ೩ ಲಕ್ಷ ೪೦ ಸಾವಿರ ಮಾತ್ರ. ಏರ್ಪಾಟು ಬಹು ಸರಳ. ಶುಕ್ರವಾರದ ರಾತ್ರಿ ನಾಲ್ವರು ಒಂದು ಮೇಜಿನ ಸುತ್ತ ಕುಳಿತು ಆ ವಾರದ ವಿಷಯಗಳ ಮೇಲೆ ಬರೆದುಕೊಳ್ಳದೆ, ಓದದೆ ವಾದ ಮಾಡುವುದು. ಬರೆದ ಭಾಷಣವನ್ನು ಮೊದಲೇ ತಿದ್ದಿ ಒಪ್ಪಿಸುವ ಆ ಕಾಲಕ್ಕೆ ಇದೇ ದೊಡ್ಡ ಸಾಹಸ.

ಆ ನಾಲ್ವರ ಪರಿಚಯ ಮಾಡಿಕೊಳ್ಳೋಣ. ರಾಬರ್ಟ್ ಬೂತ್‌ಬಿಯವರು ಕನ್ಸರ್ವೇಟಿವ್ ಸದಸ್ಯರು. ಹಿಂದೆ ಚರ್ಚಿಲ್ಲರಿಗೆ ಸಂಸದೀಯ ಕಾರ್ಯದರ್ಶಿಯಾಗಿದ್ದವರು, ಯುದ್ಧದ ಆರಂಭದ ವರ್ಷಗಳಲ್ಲಿ ಉಪಮಂತ್ರಿಗಿರಿ ಸಿಕ್ಕಿ ಕಳೆದುಕೊಂಡವರು, ಗಂಭೀರವಾದ ಕಂಠದವರು. ಮೈಕೆಲ್ ಫುಟ್ ಅವರು ಲೇಬರ್ ಪಕ್ಷದ ಎಡಪಂಥದವರು, ಪತ್ರಿಕಾಕರ್ತರು, ಸ್ವಪಕ್ಷದ ನಾಯಕರನ್ನೂ ಬಿಡದ ವಾಗ್ಮಿಗಳು. ಡಬ್ಲ್ಯು. ಜೆ. ಬ್ರೌನರು ಸರ್ಕಾರಿ ಗುಮಾಸ್ತರ ಸಂಘವನ್ನು ನಡೆಸಿದವರು, ಮೊದಲು ಲೇಬರ್ ಪಕ್ಷದಿಂದಲೂ ಆಮೇಲೆ ಸ್ವತಂತ್ರರಾಗಿಯೂ ಪಾರ್ಲಿಮೆಂಟಿಗೆ ಹೋಗಿ ೧೯೫೦ರಲ್ಲಿ ಸೋತವರು. ಎಂದರೆ ಅಕ್ಷರಶಃ ಮಾಜಿಗಳು. ನಾಲ್ಕನೆಯವರು ಆಕ್ಸ್‌ಫರ್ಡಿನ ಇತಿಹಾಸಕಾರ ಎ. ಜೆ. ಪಿ. ಟೇಲರ್ ಅವರು. ಒಮ್ಮೆ ಇವರು ಕೋಪಿಸಿಕೊಂಡು ಉಳಿದವರು ಎದುರಿಗೆ ಇರುವುದನ್ನೇ ಲೆಕ್ಕಿಸದೆ ಕುಳಿತುಬಿಟ್ಟರಂತೆ. ಪತ್ರಿಕೆಗಳು ಅವರಿಗೆ ‘ಮುನಿಸಿನ ಮೇಷ್ಟರು’ ಎಂಬರ್ಥದ ಅಡ್ಡಹೆಸರಿಟ್ಟವು.

ನಾಲ್ವರಿಗೂ ಸಮಾನವಾದ ಒಂದು ಗುಣವನ್ನು ನೀವು ಗಮನಿಸಿರಬಹುದು. ಯಾರಿಗೂ ಕಾಪಾಡಿಕೊಳ್ಳಬೇಕಾದ ಕುರ್ಚಿಯಿರಲಿಲ್ಲ. ಮಂತ್ರಿಯಾದವನು ‘ಪರಿಶೀಲನೆಯಲ್ಲಿದೆ’ ಎನ್ನುವ ಕಡೆ ಇವರು ‘ತಪ್ಪು’ ಎನ್ನಬಲ್ಲವರಾಗಿದ್ದರು. ಜನರಿಗೆ ಇದು ಬಹಳ ಹಿಡಿಸಿತು. ಪಕ್ಷಗಳ ಸಚೇತಕರಿಗೆ ಅಷ್ಟೇ ಹಿಡಿಸಲಿಲ್ಲ. ಈ ನಾಲ್ವರು ನಮ್ಮ ಪಕ್ಷಗಳ ಪ್ರತಿನಿಧಿಗಳಲ್ಲ, ನಮ್ಮ ಸಾಮಾನ್ಯ ಸದಸ್ಯರಿಗೂ ಅವಕಾಶ ಕೊಡಿ ಎಂದು ಅವರು ಒತ್ತಾಯ ತಂದರು. ಬಿ.ಬಿ.ಸಿ. ಬಗ್ಗಿತು. ತಂಡ ಒಡೆಯಿತು, ಪಕ್ಷದ ಪಾಠ ಒಪ್ಪಿಸುವವರು ಸರದಿಯ ಮೇಲೆ ಬಂದರು, ಕಾರ್ಯಕ್ರಮದ ಕಳೆ ಇಳಿಯಿತು, ೧೯೫೬ರಲ್ಲಿ ಅದು ನಿಂತುಹೋಯಿತು.

ಅಷ್ಟರಲ್ಲಿ ೧೯೫೫ರ ಸೆಪ್ಟೆಂಬರಿನಲ್ಲಿ ಖಾಸಗಿ ದೂರದರ್ಶನ ಹುಟ್ಟಿತ್ತು. ಲೈಸೆನ್ಸುಗಳ ಸಂಖ್ಯೆ ೪೫ ಲಕ್ಷಕ್ಕೆ ಏರಿತ್ತು. ಬಿ.ಬಿ.ಸಿ. ಬಿಟ್ಟುಕೊಟ್ಟ ನಾಲ್ವರನ್ನು ಆ ಹೊಸಬರು ಕೈಬೀಸಿ ಕರೆದು ‘ಫ್ರೀ ಸ್ಪೀಚ್’ ಎಂಬ ಕಾರ್ಯಕ್ರಮ ನಡೆಸಿದರು. ಆ ವೇಳೆಗೆ ಫುಟ್ ಅವರೂ ಚುನಾವಣೆಯಲ್ಲಿ ಸೋತು ಮಾಜಿಗಳಾಗಿದ್ದರು. ೧೯೬೦ರ ಕೊನೆಯಲ್ಲಿ ಮರಳಿ ಆರಿಸಿ ಬರುವವರೆಗೆ ಅವರ ಪಾರ್ಲಿಮೆಂಟೆಂದರೆ ಈ ಮೇಜೇ ಆಗಿತ್ತು.

ಈಗ ಚರ್ಚಿಲ್ಲರ ಮೂರನೆಯ ವೇಷ. ೧೯೫೫ರಲ್ಲಿ ಬಿ.ಬಿ.ಸಿ. ಹದಿನಾಲ್ಕು ದಿನದ ನಿಯಮದಿಂದ ಬಿಡುಗಡೆ ಬಯಸಿತು. ಆ ವರ್ಷದ ಫೆಬ್ರವರಿಯಲ್ಲಿ, ಎಂಬತ್ತು ವರ್ಷದ ಪ್ರಧಾನಿ ಚರ್ಚಿಲ್ಲರು ಸಭೆಯಲ್ಲಿ ಆ ನಿಯಮವನ್ನು ಬಲವಾಗಿ ಸಮರ್ಥಿಸಿದರು. ಪಾರ್ಲಿಮೆಂಟಿನ ಚರ್ಚೆಗೆ ಮುಂಚೆಯೇ, ಸದಸ್ಯರ ಸ್ಥಾನವೂ ಹೊಣೆಯೂ ಇಲ್ಲದವರು ದೂರದರ್ಶನದಂಥ ಯಂತ್ರದ ಮೂಲಕ ಅಭಿಪ್ರಾಯಗಳನ್ನು ಹರಡಿಬಿಡುವುದು ಸರಿಯಲ್ಲವೆಂಬುದು ಅವರ ಮಾತಿನ ತಾತ್ಪರ್ಯ. ಇಪ್ಪತ್ತೆರಡು ವರ್ಷಗಳ ಹಿಂದೆ ಸಚೇತಕರ ಕಟ್ಟುಪಾಡಿನ ಮೇಲೆ ಪತ್ರ ಬರೆದವರೂ ಇವರೇ! ಕುರ್ಚಿಯ ಮೇಲೆ ಕುಳಿತಾಗ ಕಾಣುವ ನೋಟವೇ ಬೇರೆ, ಕುರ್ಚಿಯ ಹೊರಗಿನಿಂದ ಕಾಣುವ ನೋಟವೇ ಬೇರೆ. ಇದನ್ನು ಕಪಟವೆಂದು ಹಳಿಯುವುದಕ್ಕಿಂತ ಮನುಷ್ಯಸ್ವಭಾವವೆಂದು ತಿಳಿಯುವುದು ಮೇಲು. ಆ ವಾದದಲ್ಲಿ ಸ್ವಲ್ಪ ತಿರುಳೂ ಇತ್ತು. ಜನ ಆರಿಸಿ ಕಳಿಸಿದವರು ಬಾಯಿ ತೆರೆಯುವ ಮೊದಲೇ ಆರಿಸದವರು ತೀರ್ಪು ಕೊಟ್ಟುಬಿಟ್ಟರೆ ಆರಿಸುವ ಕ್ರಮಕ್ಕೆ ಬೆಲೆಯೇನು? ವಿರೋಧಪಕ್ಷದ ಮುಂದಾಳುಗಳೂ ನಿಯಮವನ್ನು ಒಪ್ಪಿದ್ದರೆಂಬುದನ್ನು ಮರೆಯಬಾರದು.

ಬಿ.ಬಿ.ಸಿ. ಪಟ್ಟು ಬಿಡಲಿಲ್ಲ. ಲಿಖಿತವಾದ ಆಜ್ಞೆಯಿದ್ದರೆ ಕೊಡಿ, ಇಲ್ಲವಾದರೆ ನಾವು ನಡೆಸಿಕೊಡುವುದಿಲ್ಲವೆಂದಿತು. ೧೯೫೫ರ ಜುಲೈ ೨೭ರಂದು ಅಂಚೆ ಇಲಾಖೆಯ ಮಂತ್ರಿ ಚಾರ್ಲ್ಸ್ ಹಿಲ್ಲರು ಆಜ್ಞೆ ಹೊರಡಿಸಿಯೇಬಿಟ್ಟರು. ಈ ಹಿಲ್ಲರು ಯಾರು ಬಲ್ಲಿರಾ? ಯುದ್ಧಕಾಲದಲ್ಲಿ ‘ರೇಡಿಯೋ ಡಾಕ್ಟರ್’ ಎಂಬ ಹೆಸರಿನಲ್ಲಿ ಬಾನುಲಿಯಲ್ಲಿ ಪಥ್ಯ, ಅಜೀರ್ಣಗಳ ಮಾತನಾಡಿ ಮನೆಮಾತಾಗಿದ್ದ ವೈದ್ಯರು. ಮೈಕಿನಿಂದ ಮೇಲೆ ಬಂದವರ ಕೈಯಿಂದಲೇ ಮೈಕಿಗೆ ಬೀಗ ಬಿದ್ದಿತು.

ಬೀಗ ಹೆಚ್ಚು ದಿನ ನಿಲ್ಲಲಿಲ್ಲ. ೧೯೫೬ರ ಜುಲೈ ೨೬ರಂದು ಈಜಿಪ್ಟಿನ ನಾಸೆರರು ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದರು. ಅಕ್ಟೋಬರಿನ ಕೊನೆಯಲ್ಲಿ ಯುದ್ಧ ಹತ್ತಿತು. ಪಾರ್ಲಿಮೆಂಟಿನಲ್ಲಿ ದಿನದಿನವೂ ಅದೇ ಮಾತು. ನಿಯಮದ ಪ್ರಕಾರ ಪಾರ್ಲಿಮೆಂಟಿನ ಮುಂದಿರುವ ವಿಷಯ ಬಾನುಲಿಗೆ ನಿಷಿದ್ಧ. ಎಂದರೆ ತಮ್ಮ ಮಕ್ಕಳು ಯುದ್ಧಕ್ಕೆ ಹೋಗುತ್ತಿರುವಾಗ, ಆ ಯುದ್ಧ ಸರಿಯೇ ತಪ್ಪೇ ಎಂಬ ಚರ್ಚೆಯನ್ನು ತಾಯಿತಂದೆಗಳು ಮನೆಯ ರೇಡಿಯೋದಲ್ಲಿ ಕೇಳುವಂತಿಲ್ಲ! ಮನೆಮನೆಯಲ್ಲಿ, ರೈಲಿನಲ್ಲಿ, ಹೋಟಲಿನಲ್ಲಿ ಆ ಚರ್ಚೆ ನಡೆದೇ ಇತ್ತು, ಮೂಕವಾಗಬೇಕಾದದ್ದು ಯಂತ್ರವೊಂದೇ. ನವೆಂಬರ್ ೩ರಂದು ಪ್ರಧಾನಿ ಈಡನ್ನರು ದೇಶವನ್ನುದ್ದೇಶಿಸಿ ಮಾತನಾಡಿದರು. ಮರುದಿನ ವಿರೋಧಪಕ್ಷದ ನಾಯಕ ಗೇಟ್ಸ್‌ಕೆಲ್ಲರು ಉತ್ತರ ಕೊಡಲು ಬಿ.ಬಿ.ಸಿ. ಅವಕಾಶ ಮಾಡಿಕೊಟ್ಟಿತು. ೧೯೨೬ರಲ್ಲಿ ಮ್ಯಾಕ್‌ಡೊನಾಲ್ಡರಿಗೆ ಇಲ್ಲವೆಂದ ಮೈಕು ಮೂವತ್ತು ವರ್ಷಗಳ ಮೇಲೆ ಗೇಟ್ಸ್‌ಕೆಲ್ಲರಿಗೆ ದೊರೆಯಿತು. ಈ ಕಥೆಯಲ್ಲಿ ಎಲ್ಲಕ್ಕಿಂತ ನೆನಪಿಡಬೇಕಾದ ದಿನ ಅದೇ ಎಂದು ನನಗೆ ತೋರುತ್ತದೆ.

ಹದಿನಾಲ್ಕು ದಿನದ ನಿಯಮ ಇನ್ನು ನಗೆಪಾಟಲಾಯಿತು. ೧೯೫೬ರ ಡಿಸೆಂಬರಿನಲ್ಲಿ ಅದನ್ನು ಆರು ತಿಂಗಳ ಮಟ್ಟಿಗೆ ಅಮಾನತಿನಲ್ಲಿಟ್ಟರು. ೧೯೫೭ರಲ್ಲಿ ಗಡುವಿಲ್ಲದೆ ಬದಿಗಿಟ್ಟರು. ಪಾರ್ಲಿಮೆಂಟು ಕುಸಿದು ಬೀಳಲಿಲ್ಲ. ಅಷ್ಟೇ ಅಲ್ಲ, ಒಂದು ಕಾಲಕ್ಕೆ ಬಾನುಲಿಯನ್ನು ಕಂಡು ಹೆದರಿದ ಆ ಸಭೆಗಳು ಕ್ರಮೇಣ ತಮ್ಮ ಬಾಗಿಲನ್ನೇ ಅದಕ್ಕೆ ತೆರೆದವು. ಕಾಮನ್ಸ್ ಸಭೆಯ ಕಲಾಪ ೧೯೭೮ರಿಂದ ಬಾನುಲಿಯಲ್ಲಿ ಕೇಳಿಬಂದಿತು. ಲಾರ್ಡ್ಸ್ ಸಭೆಗೆ ೧೯೮೫ರಲ್ಲೂ ಕಾಮನ್ಸ್ ಸಭೆಗೆ ೧೯೮೯ರಲ್ಲೂ ಕ್ಯಾಮರಾ ಪ್ರವೇಶಿಸಿತು.

ಆಮೇಲಿನ ಕಥೆ ನಿಮಗೂ ಗೊತ್ತಿರುವಂಥದೇ. ತಡೆ ಹೋದಮೇಲೆ ಹೊಳೆ ಹರಿಯಿತು. ಬಿ.ಬಿ.ಸಿ.ಯ ‘ದಿಸ್ ವೀಕ್’ ಎಂಬ ಕಾರ್ಯಕ್ರಮ ೨೦೦೩ರಿಂದ ೨೦೧೯ರವರೆಗೆ ನಡೆಯಿತು. ಒಮ್ಮೆ ರಕ್ಷಣಾಮಂತ್ರಿಗಳಾಗಿದ್ದು ೨೦೦೫ರಲ್ಲಿ ಪಾರ್ಲಿಮೆಂಟನ್ನು ಬಿಟ್ಟ ಮೈಕೆಲ್ ಪೋರ್ಟಿಲ್ಲೊ ಅವರು ಅದರ ಸೋಫಾದ ಕಾಯಂ ಅತಿಥಿಗಳಾಗಿದ್ದರು. ೨೦೨೩ರಲ್ಲಿ ಮಾಜಿ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಅವರೂ ಅವರ ಹಳೆಯ ಎದುರಾಳಿ ಎಡ್ ಬಾಲ್ಸ್ ಅವರೂ ಜೊತೆಗೂಡಿ ಕಿವಿಗೆ ಸಿಕ್ಕಿಸಿಕೊಂಡು ಕೇಳುವ ಪಾಡ್‌ಕಾಸ್ಟ್ ಹರಟೆಯೊಂದನ್ನು ಆರಂಭಿಸಿದರು. ಸಭೆಯಲ್ಲಿ ಎದುರುಬದುರು ಕುಳಿತು ಕಚ್ಚಾಡಿದವರು ಹೊರಗೆ ಬಂದು ಒಂದೇ ಮೇಜಿನ ಮೇಲೆ ಕಾಫಿ ಕುಡಿಯುತ್ತಾರೆ!

ನಮ್ಮ ದೇಶದ ದಾರಿ ಬೇರೆಯಾಗಿತ್ತು. ಬಾನುಲಿ ಬಹುಕಾಲ ಸರ್ಕಾರದ ಇಲಾಖೆಯಾಗಿಯೇ ನಡೆಯಿತು. ರಾಜಕೀಯ ಪಕ್ಷಗಳಿಗೆ ಚುನಾವಣೆಯ ಭಾಷಣಕ್ಕೆಂದು ಅದರಲ್ಲಿ ಮೊದಲ ಬಾರಿಗೆ ಹೊತ್ತು ದೊರೆತದ್ದು ೧೯೭೭ರಲ್ಲಿ, ತುರ್ತು ಪರಿಸ್ಥಿತಿ ಕಳೆದ ವರ್ಷ. ೧೯೯೦ರಲ್ಲಿ ಅಂಗೀಕಾರವಾದ ಪ್ರಸಾರ ಭಾರತಿ ಕಾನೂನು ಜಾರಿಗೆ ಬರಲು ೧೯೯೭ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಖಾಸಗಿ ವಾಹಿನಿಗಳೂ ಬಂದಿದ್ದವು. ಈಗ ಮಾಜಿಗಳ ಮಾತಿಗೆ ಬರವಿಲ್ಲ. ಬರವಿರುವುದು ಕೇಳುವ ವಿವೇಕಕ್ಕೆ.

ಆದ್ದರಿಂದ ಕೊನೆಯದಾಗಿ ಒಂದೆರಡು ಮಾತು, ಕೇಳುವವರಾದ ನಮಗೇ ಅನ್ವಯಿಸುವಂಥದು. ಪದವಿ ಇಳಿದವರ ಮಾತಿಗೆ ಎರಡು ಮುಖಗಳಿವೆ. ಅವರಿಗೆ ಅನುಭವವಿದೆ, ಯಾರ ಅಂಕೆಯೂ ಇಲ್ಲ. ಒಳಗಿನ ಸಂಗತಿಯನ್ನು ಬಿಚ್ಚಿ ಹೇಳಬಲ್ಲರು. ಇದು ಲಾಭ. ತಾವು ಹೇಳಿದ್ದನ್ನು ಮಾಡಿ ತೋರಿಸುವ ಹೊಣೆ ಅವರಿಗಿಲ್ಲ. ಹಳೆಯ ಸೇಡು ತೀರಿಸುವ ಚಪಲವೂ, ಚಪ್ಪಾಳೆಯ ರುಚಿಯೂ ಒಮ್ಮೊಮ್ಮೆ ನಾಲಿಗೆಯನ್ನು ಎಳೆಯುತ್ತವೆ. ಇದು ನಷ್ಟ. ಹೀಗಿರುವಾಗ ಮಾಜಿಯೊಬ್ಬರು ಯಾವುದೋ ಪ್ರಶ್ನೆಗೆ ಸುಲಭವಾದ ಪರಿಹಾರ ಹೇಳಿದಾಗ, ಅದು ತಮ್ಮ ಕೈಯಲ್ಲೇ ಇದ್ದ ಕಾಲದಲ್ಲಿ ಅವರು ಏನು ಮಾಡಿದರೆಂದು ನೆನಪುಮಾಡಿಕೊಳ್ಳಿ. ಅಂದು ಮಾಡಲಾಗದೆ ಹೋದದ್ದೇಕೆಂದು ಅವರೇ ಪ್ರಾಮಾಣಿಕವಾಗಿ ಒಪ್ಪಿ ಹೇಳಿದರೆ ಅಂಥ ಮಾತು ಚಿನ್ನ. ಮನೆಯವರನ್ನೆಲ್ಲ ಕರೆದು ಕೇಳಿಸಿ. ತಮ್ಮ ಕಾಲದಲ್ಲಿ ಎಲ್ಲವೂ ಸರಿಯಾಗಿತ್ತು, ಈಗ ಎಲ್ಲವೂ ಕೆಟ್ಟಿತು ಎನ್ನುವುದಾದರೆ ಸುಮ್ಮನೆ ಕೇಳಿ ಬಿಟ್ಟುಬಿಡಿ.

ಆದರೆ ಬಾಯಿಗೆ ಬೀಗ ಹಾಕುವ ಮಾತು ಮಾತ್ರ ಬೇಡ. ಹದಿನಾಲ್ಕು ದಿನದ ನಿಯಮ ನಮಗೆ ಕಲಿಸುವ ಪಾಠ ಅದೇ. ಕೇಳಿದ ಮೇಲೆ ಒಪ್ಪುವುದೋ ಬಿಡುವುದೋ ಜನರಿಗೆ ಬಿಟ್ಟದ್ದು. ಕೇಳುವುದಕ್ಕೇ ಅವರು ಯೋಗ್ಯರಲ್ಲವೆಂದು ಯಾರೋ ತೀರ್ಮಾನಿಸಿದರೆ, ಅದೇ ಜನ ಮತ ಹಾಕುವುದಕ್ಕೆ ಮಾತ್ರ ಯೋಗ್ಯರಾದದ್ದು ಹೇಗೆ? ನಾಳೆ ಸಂಜೆ ನಿಮ್ಮ ಊರಿನ ಪಿಂಚಣಿದಾರರ ಕಟ್ಟೆಯ ಕಡೆ ಹೋದರೆ ಹತ್ತು ನಿಮಿಷ ನಿಂತು ಕೇಳಿ. ಮಾಜಿ ಅಧ್ಯಕ್ಷರು ಕೊಳಾಯಿ ನೀರಿನ ವಿಷಯ ಎತ್ತಿದಾಗ, ‘ತಾವಿದ್ದಾಗ ಏನಾಯಿತು, ಸ್ವಾಮಿ?’ ಎಂದು ವಿನಯದಿಂದಲೇ ಒಂದು ಮಾತು ಕೇಳಿ. ಅವರ ಉತ್ತರದಲ್ಲಿ ನಿಮ್ಮ ಊರಿನ ಚರಿತ್ರೆಯ ಒಂದು ಪುಟವೇ ಸಿಕ್ಕೀತು.